ಎಣಿಸಬಾರದ ಕುರಿಗಳು

ಚಳಿಗಾಲದ ಮುಂಜಾನೆ ದೇವಸಮುದ್ರದ ಬಯಲಿನಲ್ಲಿ ಕುರಿಗಳು ಕಾಲೇ ಇಲ್ಲದವುಗಳಂತೆ ಮಂಜಿನಲ್ಲಿ ತೇಲುತ್ತಿದ್ದವು. ನನ್ನ ಕ್ಯಾಮೆರಾದ ರೀಲಿನಲ್ಲಿ ಒಂದೇ ಫೋಟೋ ಉಳಿದಿತ್ತು. ತೆಗೆಯುವ ಮೊದಲೇ ಪುಸ್ತಕದಲ್ಲಿ ವಿವರ ಬರೆದಿಡುವುದು ನನ್ನ ಪದ್ಧತಿ. ಎಣಿಸಿ, ‘ಕುರಿ ನಲವತ್ತೊಂದು’ ಎಂದು ಬರೆದೆ.

ಕುರಿ ಕಾಯುವ ಅಜ್ಜ ಕಂಬಳಿ ಹೊದ್ದು ಅಡ್ಡ ನಿಂತ. “ಎಣಿಸಬ್ಯಾಡ್ರವ್ವಾ, ಮಂದೆ ಕಮ್ಮಿ ಆಗತೈತೆ. ಮೊದ್ಲು ಆ ಲೆಕ್ಕದ ಮ್ಯಾಲೆ ಗೀಟು ಎಳೀರಿ, ಆಮ್ಯಾಲೆ ಫೋಟೋ.”

“ನಾನು ಬಿ.ಎ. ಓದಿದೋಳು ಅಜ್ಜಾ. ಬರೆದ್ರೆ ಕುರಿ ಕಮ್ಮಿ ಆಗ್ತಾವಾ?”

“ಓದಿರೋರು ನೀವು. ಕುರಿ ನಂದಲ್ವಾ!”

ನಾವು ವಾದಿಸುತ್ತಿದ್ದಂತೆ ಕುರಿಗಳು ಒಂದೊಂದಾಗಿ ಮಂಜಿನೊಳಗೆ ಹೊರಟವು. ಗಾಬರಿಯಾಗಿ ಅಂಕಿಗೆ ಗೀಟೆಳೆದು, ‘ಬಹಳ’ ಎಂದು ಬರೆದು ಗುಂಡಿ ಒತ್ತಿದೆ.

ಪ್ರಿಂಟಿನಲ್ಲಿ ಬರೀ ಬಿಳುಪು, ಅಂಚಿನಲ್ಲಿ ಅಜ್ಜನ ಕಂಬಳಿ. ಒಂದು ಕುರಿಯೂ ಇಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ಇಂದಿಗೂ ‘ಬಹಳ’ ಇವೆ.