ಚಲುವಯ್ಯ ಆರಿಸಿದ ಕೋಚು

ಕಟ್ಟೆಮಳಲವಾಡಿಯ ಚಲುವಯ್ಯನ ಗಂಟಲು ಎಂಥದೆಂದರೆ, ಬೆಳಗ್ಗೆ ಅರಳಿಕಟ್ಟೆ ಮೇಲೆ ನಿಂತು "ಮುಯ್ಯಾಳು ಬನ್ರಲಾ!" ಎಂದು ಕೂಗಿದರೆ ಹುಣಸೂರಿನಲ್ಲಿ ನಿಂತಿದ್ದ ಬಸ್ಸು ತಾನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ನಮ್ಮೂರಲ್ಲಿ ಕೂಲಿಯವರಿಗೆ ಕಾಯುವುದಿಲ್ಲ. ಇವತ್ತು ಎಲ್ಲರೂ ನಿನ್ನ ಹೊಲಕ್ಕೆ, ನಾಳೆ ಎಲ್ಲರೂ ನನ್ನ ಹೊಲಕ್ಕೆ, ಅದೇ ಮುಯ್ಯಾಳು. ಯಾರ ಸರದಿ ಯಾವತ್ತು ಅನ್ನುವುದು ಚಲುವಯ್ಯನ ತಲೆಯೊಳಗಿತ್ತು. ಊರವರನ್ನೆಲ್ಲ ಮುಂದೆ ಬಿಟ್ಟು ತನ್ನ ಸರದಿಯನ್ನು ಕೊನೆಗೆ ಇಟ್ಟುಕೊಳ್ಳುವುದು ಅವನ ಚಾಳಿ.

೨೦೦೪ರಲ್ಲಿ ಮೈಸೂರಿನ ಸಂಸ್ಥೆಯೊಂದು 'ಚುರುಕು ತಂಡ' ಅಂತ ಯೋಜನೆ ತಂದಿತು. ಬೆಳೆಗಾರರ ತಂಡಕ್ಕೆ ಒಬ್ಬ ಕೋಚು ಬೇಕಂತೆ. ಅವನು ಮೇಸ್ತ್ರಿಯಲ್ಲ, ಜೊತೆಗಿದ್ದು ತಂಡ ಬಿರುಕು ಬಿಡದಂತೆ ನೋಡಿಕೊಳ್ಳುವವನು. ಕೋಚಾಗಲು ಎಸೆಸೆಲ್ಸಿ ಬೇಕಿತ್ತು. ಚಲುವಯ್ಯನದು ನಾಲ್ಕನೇ ಕ್ಲಾಸು. ಆದರೆ ಆರಿಸುವವನಿಗೆ ಓದು ಬೇಕಿರಲಿಲ್ಲ, ದೇಶದ ಪದ್ಧತಿಯೇ ಹಾಗಲ್ಲವೆ? ಹಾಗಾಗಿ ಡೇರಿ ಜಗಲಿಯ ಮೇಲೆ, ಸಂಸ್ಥೆಯ ಬೃಂದಾ ಮೇಡಂ ಪಕ್ಕದ ಕುರ್ಚಿಯಲ್ಲಿ, ರೈತರ ಪರವಾಗಿ ಅವನನ್ನೇ ಕೂರಿಸಿದರು.

ಮೊದಲು ಬಂದವನು ಮೈಸೂರಿನ ಯತೀಶ್. ಅವನ ಶೂ ಹೊಳಪಿನಲ್ಲಿ ಕಾಗೆಯೊಂದು ಮುಖ ನೋಡಿಕೊಂಡು ಪುಕ್ಕ ಸರಿಮಾಡಿಕೊಂಡು ಹೋಯಿತು. ಚಲುವಯ್ಯನದು ಒಂದೇ ಪ್ರಶ್ನೆ: "ಮುಯ್ಯಾಳಿಗೆ ಒಬ್ಬ ಬರ್ನಿಲ್ಲ ಅಂತಿಟ್ಕಳಿ. ಏನ್ ಮಾಡೀರಿ?"

"ಮೋಟಿವೇಟ್ ಮಾಡ್ತೀನಿ ಸಾರ್."

"ಅಷ್ಟೊತ್ಗೆ ಸೊಪ್ಪು ಒಣಗೋಯ್ತದೆ ಕಣಪ್ಪ."

ಎರಡನೆಯವರು ರಿಟೈರಾದ ಡ್ರಿಲ್ ಮೇಷ್ಟ್ರು ನಿಂಗರಾಜು. "ದಂಡ ಹಾಕ್ತೀನಿ!" ಎಂದು ಸೀಟಿ ಊದಿದರು, ಕ್ಯಾನಿನಲ್ಲಿದ್ದ ಹಾಲೆಲ್ಲ ಮೊಸರಾಯಿತು.

ಮೂರನೆಯವನು ನಮ್ಮ ಕನಕರಾಜು. ಕಡ್ಡಿಗೆ ಸೊಪ್ಪು ಕಟ್ಟುವುದನ್ನು ಚಲುವಯ್ಯನೇ ಕೈ ಹಿಡಿದು ಕಲಿಸಿದ ಪಕ್ಕದ ಹೊಲದ ಹುಡುಗ.

"ಅವ್ರ ಮನೆ ಬಾಗ್ಲಿಗೆ ಓಯ್ತೀನಿ ಕಣಣ್ಣ. ಮೈ ಸರಿಯಿಲ್ವಾ, ಮನ್ಸು ಸರಿಯಿಲ್ವಾ ಕೇಳ್ತೀನಿ. ಅವ್ರ ಜಾಗಕ್ಕೆ ನಾನೇ ನಿಂತ್ಕತೀನಿ. ಒಬ್ಬರ ಸೊಪ್ಪೂ ಗಿಡದ ಮ್ಯಾಲೆ ಕೆಡಾಕೆ ಬುಡಲ್ಲ."

ಚಲುವಯ್ಯನ ಕಣ್ಣೀರಿಗೆ ಲಕ್ಷ್ಮಣತೀರ್ಥ ಹೊಳೆ ಒಂದು ಗೇಣು ಏರಿತು. ಮೇಡಂಗೆ ಯತೀಶ್ ಮೇಲೆ ಮನಸ್ಸಿತ್ತು. ಚಲುವಯ್ಯ ಬಿಡಲಿಲ್ಲ. "ಇವ್ನೇ ಕಣವ್ವಾ. ನಮ್ಮನೆ ಕೂಸು."

ಆ ವರ್ಷವೂ ಮೊದಲ ಸುತ್ತಿನಲ್ಲಿ ಎಲ್ಲರ ಹೊಲವೂ ಮುಗಿಯಿತು, ಕನಕನದೂ. ಕೊನೆಗೆ ಚಲುವಯ್ಯನ ಸರದಿ. ಸೊಪ್ಪು ಹಣ್ಣಾಗಿ ಹಳದಿ ತಿರುಗಿತ್ತು, ಹದ ಮಾಡುವ ಬ್ಯಾರನ್ನಿನ ಮುಂದೆ ಸೌದೆ ಒಟ್ಟಿತ್ತು. ಹೆಂಡತಿ ಸುನಂದಮ್ಮ ಊರಿಗೆಲ್ಲ ಆಗುವಷ್ಟು ಹುರುಳಿಸಾರು ಕಾಯಿಸಿದ್ದಳು. ಅವನು ಕಟ್ಟೆ ಹತ್ತಿ ಕೂಗಿದ. ಬಂದದ್ದು ಎರಡು ನಾಯಿ ಮತ್ತು ನಾನು. ನನ್ನ ಸೊಂಟ ಬಗ್ಗಿ ಯಾವ ಕಾಲವಾಯಿತೋ, ನಾಯಿಗಳೇ ವಾಸಿ.

ಆಮೇಲೆ ಗೊತ್ತಾಯಿತು: ಬೆಳಕು ಹರಿಯುವ ಮುಂಚೆಯೇ ಕೋಚು ಎಲ್ಲರನ್ನೂ ಟೆಂಪೋಗೆ ತುಂಬಿಕೊಂಡು ರಾವಂದೂರಿನ ತರಬೇತಿಗೆ ಹೋಗಿದ್ದ. ವಿಷಯ, ಒಗ್ಗಟ್ಟು. ಕೇಸರಿಬಾತೂ ಇತ್ತಂತೆ.

"ಇವತ್ತು ನನ್ ಸರದಿ ಅಂತ ಕನಕಂಗೆ ಮರ್ತೋಗಿರ್ಬೇಕು" ಅಂದ ಚಲುವಯ್ಯ.

"ನೆನ್ನೆ ಇಲ್ಲೇ ಕೂತು ಕಾಪಿ ಕುಡುದ್ನಲ್ಲ. ನೀವೇ ಯೋಳಿದ್ರಿ, ಊಂ ಅಂದ" ಎಂದಳು ಸುನಂದಮ್ಮ.

ಗಂಡಹೆಂಡಿರು ಮುರಿದಷ್ಟು ಮುರಿದರು. ಮಾರನೆಯ ದಿನವೂ ತರಬೇತಿ. ಅದರ ಮಾರನೆಗೆ ಮಳೆ ಹೊಡೆದು, ಉಳಿದ ಸೊಪ್ಪು ಗಿಡದ ಮೇಲೇ ಚುಕ್ಕೆ ಬಿದ್ದು ಕಪ್ಪಾಯಿತು.

ಸಂತೆಯಲ್ಲಿ ಸಿಕ್ಕ ಕನಕ ನೆಲ ನೋಡಿಕೊಂಡು ಹೇಳಿದ: "ಮೇಡಂ ಕೊಟ್ಟಿದ್ದೇ ಆ ದಿನ ಕಣಣ್ಣ. ತರಬೇತಿಗೆ ಇಷ್ಟು ಜನ ಬಂದವ್ರೆ ಅಂತ ತೋರಿಸ್ಬೇಕಿತ್ತು. ಬೇರೆಯವ್ರ ಸರದಿ ಆಗಿದ್ರೆ ಜಗಳ ತೆಗೀತಿದ್ರು. ನೀನಾದ್ರೆ ಏನೂ ಅನ್ನಲ್ಲ ಅಂತ…"

ಚಲುವಯ್ಯ ನಿಜಕ್ಕೂ ಏನೂ ಅನ್ನಲಿಲ್ಲ.

ಗಿಡದ ಮೇಲಿನ ಎಲೆ ಹಣ್ಣಾಗಿ ಎರಡನೇ ಸುತ್ತು ಮುರಿಯುವಾಗ ಮೊದಲ ಸರದಿ ಕನಕನದು. ಕರೆಯಲು ಬಾಗಿಲಿಗೆ ಬಂದ. ನಾನು ಅಲ್ಲೇ ಎಲೆ ಅಡಿಕೆ ಹಾಕುತ್ತಿದ್ದೆ.

"ಕೂತ್ಕಳಿ ಕನಕರಾಜು ಅವ್ರೇ" ಅಂದ ಚಲುವಯ್ಯ. ಚಡ್ಡಿ ಹಾಕುವ ಕಾಲದಿಂದ ಕಂಡ ಹುಡುಗನಿಗೆ ಅವತ್ತೇ ಮೊದಲು ಬಹುವಚನ. "ಮುಯ್ಯಾಳಿಗೆ ಒಬ್ಬ ಬರ್ನಿಲ್ಲ ಅಂತಿಟ್ಕಳಿ. ಏನ್ ಮಾಡೀರಿ?"

ತಮಾಷೆ ಅಂದುಕೊಂಡ ಕನಕ ಹಲ್ಲು ಕಿರಿದ. "ಅವ್ರ ಮನೆ ಬಾಗ್ಲಿಗೆ ಓಯ್ತೀನಿ ಕಣಣ್ಣ. ಮೈ ಸರಿಯಿಲ್ವಾ, ಮನ್ಸು ಸರಿಯಿಲ್ವಾ…" ಕೊನೆವರೆಗೂ ಹೇಳಿದ. ಒಂದಕ್ಷರ ಮುಗ್ಗರಿಸಲಿಲ್ಲ.

"ಚೆಂದಾಗಿ ಯೋಳ್ತೀರಿ" ಎಂದು ಚಲುವಯ್ಯ ಒಳಗೆ ಹೋಗಿ ಅಗುಳಿ ಹಾಕಿಕೊಂಡ.

ಆಮೇಲೆ ಅವನು ಕಟ್ಟೆ ಹತ್ತಲಿಲ್ಲ. ಹುಣಸೂರಿನ ಬಸ್ಸು ಈಗ ಡ್ರೈವರ್ ಬಂದರೇನೇ ಹೊರಡುವುದು.