ಸಿದ್ದಮ್ಮ ಕುದಿಸಿಟ್ಟ ಬಿಯರು

ಸಿದ್ದಮ್ಮ ಯಾವುದನ್ನೂ ಕುದಿಸದೆ ಇಡುವವಳಲ್ಲ. ಬೆಳಗಿನ ಸಾರನ್ನು ಸಂಜೆ ಕುದಿಸುತ್ತಾಳೆ, ಸಂಜೆ ಉಳಿದದ್ದನ್ನು ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಕುದಿಸುತ್ತಾಳೆ. ಮಾತ್ರೆ ನುಂಗುವ ನೀರನ್ನೂ ಕುದಿಸುತ್ತಾಳೆ. ಮಗ ಫ್ರಿಜ್ ತಂದು ಕೊಟ್ಟ ಮೇಲೂ ಅದರೊಳಗೆ ಇಡುವುದನ್ನೆಲ್ಲ ಕುದಿಸಿ ಆರಿಸಿಯೇ ಇಡುತ್ತಿದ್ದಳು. ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ರಿಟೈರ್ ಆದವಳು. ಅವಳ ಕೈಯಡುಗೆ ಉಂಡು ಒಂದು ಹುಡುಗಿಗೂ ಹೊಟ್ಟೆ ಕೆಟ್ಟಿಲ್ಲ. ಬೆಂಕಿ ಮುಟ್ಟಿದ್ದು ಕೆಡುವುದಿಲ್ಲ ಅನ್ನುವುದು ಅವಳ ಮಾತು. ಇದನ್ನು ಮೊದಲು ಯಾಕೆ ಬರೆದೆ ಅಂದರೆ, ಮುಂದೆ ಆದದ್ದಕ್ಕೆಲ್ಲ ಇದೇ ಕಾರಣ.

ನಮ್ಮದು ಶ್ರೀರಾಂಪುರದ ಒಂದು ಹಳೇ ವಠಾರ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಾನು ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೊಪ್ಪು, ದವನ ಮಾರುತ್ತಿದ್ದವಳು. ನಮ್ಮ ಯಜಮಾನರು ಹೋದ ಮೇಲೂ ಕಾಲು ನಡೆಯುವವರೆಗೆ ಮಾರಿದೆ. ಈಗ ಮನೆಯಲ್ಲೇ ಇರುತ್ತೇನೆ. ಆ ಗೋಡೆಯ ಆಚೆ ಏನಾದರೂ ನನಗೆ ತಿಳಿಯುತ್ತದೆ.

ಸಿದ್ದಮ್ಮನ ಗಂಡ ಕಾಳಪ್ಪನವರು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದವರು. ಬುದ್ಧನನ್ನು ನಂಬಿದವರು. ಭಾನುವಾರ ಬುದ್ಧ ವಿಹಾರಕ್ಕೆ ಹೋಗಿ ಪಂಚಶೀಲ ಹೇಳಿ ಬರುತ್ತಾರೆ, ಹೇಳಿದ ಹಾಗೆಯೇ ನಡೆಯುತ್ತಾರೆ. ಕುಡಿತ ಅನ್ನುವುದು ಅವರ ಹೊಸಿಲು ದಾಟಿಲ್ಲ. ಅಂಥವರ ಒಬ್ಬನೇ ಮಗ ಸುಮನ್ ಐಟಿಐ ಮುಗಿಸಿ ಬಿಯರು ಮಾಡುವ ಕಡೆ ಕೆಲಸಕ್ಕೆ ಸೇರಿದ. ಯಶವಂತಪುರದ ಆಚೆ ಅದು. ಕೆಳಗೆ ಟ್ಯಾಂಕುಗಳು, ಮೇಲೆ ಕುಡಿಯುವವರ ಮೇಜುಗಳು. ಮೊದಲು ಟ್ಯಾಂಕು ತೊಳೆದ. ಆಮೇಲೆ ಮಾಡುವುದನ್ನೇ ಕಲಿತ.

ತಂದೆ ಬೈಯಲಿಲ್ಲ. ಮಗ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತರೆ ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದರು: "ಮೊದ್ಲು ಸ್ನಾನ ಮಾಡ್ಕೊಂಡು ಬಾ." ಅವನ ಬಟ್ಟೆಗೆ ಆ ಜಾಗದ ವಾಸನೆ ಅಂಟಿರುತ್ತಿತ್ತು. ಕೆಟ್ಟ ವಾಸನೆ ಅಲ್ಲ, ಆದರೆ ಕಾಳಪ್ಪನವರಿಗೆ ಅದು ಏನೆಂದು ಗೊತ್ತಿತ್ತಲ್ಲ. ಸುಮನ್ ವಠಾರದ ನಲ್ಲಿಯ ಹತ್ತಿರ ಹೋಗಿ ಬಕೆಟ್ ನೀರು ಹುಯ್ದುಕೊಂಡು ಬರುತ್ತಿದ್ದ. ಏರ್‌ಪೋರ್ಟಲ್ಲೂ ಇಷ್ಟು ಚೆಕಿಂಗ್ ಇಲ್ಲ ಅಜ್ಜಿ ಅಂತ ನನ್ನ ಹತ್ತಿರ ನಗುತ್ತಿದ್ದ.

ಹೋದ ಶ್ರಾವಣದಲ್ಲಿ ಅವನಿಗೇ ಅಂತ ಒಂದು ಸಣ್ಣ ಟ್ಯಾಂಕು ಬಿಟ್ಟುಕೊಟ್ಟರು, ನಿನಗೆ ಬೇಕಾದ್ದು ಮಾಡು ಅಂತ. ಆಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಕೂತು ನನಗೂ ಅವರಮ್ಮನಿಗೂ ವಿವರಿಸಿದ. ನಾವು ರಾಗಿ ಮೊಳಕೆ ಕಟ್ಟುವ ಹಾಗೆ ಬಾರ್ಲಿಗೆ ಮೊಳಕೆ ಬರಿಸಿ ಒಣಗಿಸುತ್ತಾರಂತೆ, ಅದು ಮಾಲ್ಟ್. ಹಾಪ್ಸ್ ಅನ್ನುವ ಒಂದು ಹೂವು ಹಾಕುತ್ತಾರಂತೆ, ಕಹಿಗೂ ಘಮಕ್ಕೂ. ಎಲ್ಲರೂ ಮೂರು ನಾಲ್ಕು ಥರದ್ದು ಬೆರೆಸುತ್ತಾರೆ. ಇವನು ಒಂದೇ ಕಾಳು, ಒಂದೇ ಹೂವು ಹಾಕಿ ಪೇಲ್ ಏಲ್ ಅನ್ನುವ ಥರದ ಬಿಯರು ಮಾಡಿಟ್ಟಿದ್ದ. ಅದರಲ್ಲೇನು ಹೆಚ್ಚುಗಾರಿಕೆ ಅಂತ ಸಿದ್ದಮ್ಮ ಕೇಳಿದಳು.

"ಬೆರಕೆ ಸೊಪ್ಪಿನ ಸಾರಲ್ಲಿ ಒಂದು ಸೊಪ್ಪು ಬಾಡಿದ್ರೂ ಗೊತ್ತಾಗಲ್ಲಮ್ಮ," ಅಂದ. "ಬರೀ ದಂಟಿನ ಸೊಪ್ಪಲ್ಲಿ ಮಾಡು, ನಿನ್ನ ಕೈ ಹೆಂಗಿದೆ ಅಂತ ಗೊತ್ತಾಗುತ್ತೆ. ಇದ್ರಲ್ಲಿ ಇರೋದು ನನ್ನ ಕೈ."

ಸಿದ್ದಮ್ಮ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಆದಾಗ ಒಂದು ಗುಟುಕು ತಂದುಕೊಡು, ನಿನ್ನ ಕೈ ನೋಡುತ್ತೇನೆ, ನಿಮ್ಮಪ್ಪನಿಗೆ ಹೇಳಬೇಡ ಅಂದಳು.

ಬಿಯರು ಟ್ಯಾಂಕಿನಲ್ಲಿ ಹದವಾಗುತ್ತಿದ್ದಾಗಲೇ ಅವನಿಗೆ ಜ್ವರ ಬಂತು. ಡೆಂಗಿ. ಆಸ್ಪತ್ರೆಯಲ್ಲಿ ಮೂಗಿನಿಂದ ರಕ್ತ ಬಂತು, ಆಮೇಲೆ ಎಚ್ಚರ ತಪ್ಪಿತು. ಹುಡುಗ ಉಳಿಯಲಿಲ್ಲ. ಟ್ಯಾಂಕು ತೆಗೆದದ್ದು ಅವನನ್ನು ಮಣ್ಣು ಮಾಡಿದ ಮೇಲೆ. ತನ್ನ ಕೈ ಹೇಗಿದೆ ಅಂತ ಅವನೇ ನೋಡಲಿಲ್ಲ.

ಸಿದ್ದಮ್ಮ ಅತ್ತಿದ್ದನ್ನು ನಾನು ಬರೆಯುವುದಿಲ್ಲ. ಒಂದು ದಿನ ಅವನ ಜೊತೆ ಕೆಲಸ ಮಾಡುತ್ತಿದ್ದ ಪೂಜಿತಾ ಅನ್ನುವ ಹುಡುಗಿ ಫೋನ್ ಮಾಡಿದಳು. ಸುಮನ್ ಮಾಡಿದ ಬಿಯರು ಜನಕ್ಕೆ ಹಿಡಿಸಿ ಖಾಲಿಯಾಗುತ್ತ ಬಂದಿದೆ, ಬಿಯರು ತುಂಬಿಡುವ ಒಂದು ದೊಡ್ಡ ಸ್ಟೀಲ್ ಕ್ಯಾನಿನ ತಳದಲ್ಲಿ ಸ್ವಲ್ಪ ಉಳಿಸಿಕೊಂಡಿದ್ದೇನೆ, ಕ್ಯಾನು ಬೇರೆ ಬಿಯರಿಗೆ ಬೇಕಂತೆ, ನಿಮಗೆ ಬೇಕಾ ಅಮ್ಮ ಅಂತ. ಆಗ ಪಿತೃಪಕ್ಷ ನಡೆಯುತ್ತಿತ್ತು. ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇತ್ತು.

ಅಮಾವಾಸ್ಯೆಯ ಎಡೆ ನಮ್ಮ ಕಡೆ ಹೇಗೆಂದರೆ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸುತ್ತೇವೆ. ಮಾಂಸ ತಿನ್ನುತ್ತಿದ್ದವರಿಗೆ ಮಾಂಸ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋದ ಮೇಲೆ ಬಾಗಿಲು ತೆಗೆದು ಮನೆಯವರು ಅದನ್ನು ತೆಗೆದುಕೊಳ್ಳುತ್ತೇವೆ. ಅದಕ್ಕೆ ಮೊದಲು ಮನೆಯವರು ಯಾರೂ ರುಚಿ ನೋಡುವ ಹಾಗಿಲ್ಲ. ನೋಡಿದರೆ ಎಂಜಲು. ಕಾಳಪ್ಪನವರು ಇದನ್ನು ನಂಬುವುದಿಲ್ಲ, ಸತ್ತವರು ಬಂದು ಉಣ್ಣುವುದಿಲ್ಲ ಅನ್ನುತ್ತಾರೆ. ಸಿದ್ದಮ್ಮ ಇಡುವುದನ್ನು ತಡೆದವರೂ ಅಲ್ಲ. ಆ ಹೊತ್ತಿಗೆ ಎದ್ದು ಎಲ್ಲಿಗಾದರೂ ಹೋಗುತ್ತಿದ್ದರು.

"ಅವನು ಕುಡಿಲೇ ಇಲ್ವಲ್ಲಕ್ಕಾ," ಅಂದಳು ಸಿದ್ದಮ್ಮ. "ಅದನ್ನೇ ಇಡ್ತೀನಿ. ಅವನು ಕುಡಿದಾದ್ಮೇಲೆ ನಾನು ಕುಡಿತೀನಿ. ಅವನಿಗೆ ಮಾತು ಕೊಟ್ಟಿದ್ದೆ."

ಇಬ್ಬರೂ ಆಟೋ ಮಾಡಿಕೊಂಡು ಹೋದೆವು. ಮಧ್ಯಾಹ್ನ, ಇನ್ನೂ ಗಿರಾಕಿಗಳಿರಲಿಲ್ಲ. ಪೂಜಿತಾ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಂದು ಸಿದ್ದಮ್ಮನ ಕೈ ಹಿಡಿದುಕೊಂಡಳು. ಒಂದು ಪ್ಲಾಸ್ಟಿಕ್ ಬಾಟಲಿಗೆ ಕ್ಯಾನಿನಿಂದ ತುಂಬಿ, ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಫ್ರಿಜ್ಜಿನಲ್ಲಿಡಿ, ಅಮಾವಾಸ್ಯೆವರೆಗೆ ತೆಗೆಯಬೇಡಿ ಅಂತ ಹೇಳಿಕೊಟ್ಟಳು. ಕೊನೆಗೆ ಕಾಲು ಲೋಟದಷ್ಟು ಉಳಿಯಿತು. ಅದನ್ನು ಗಾಜಿನ ಲೋಟಕ್ಕೆ ಹಿಡಿದು ಸಿದ್ದಮ್ಮನ ಮುಂದೆ ಇಟ್ಟಳು.

ಸಿದ್ದಮ್ಮ ಲೋಟವನ್ನು ನನ್ನ ಕಡೆ ತಳ್ಳಿದಳು. "ನಾನು ಈಗ ಬಾಯಿಗಿಡೋ ಹಾಗಿಲ್ಲ. ನೀನು ಹೊರಗಿನವಳು, ನೀನು ಕುಡಿ. ಹೆಂಗಿದೆ ಹೇಳು."

ನಾನು ಚಿಕ್ಕವಳಿದ್ದಾಗ ಹೆಂಡದ ರುಚಿ ನೋಡಿದ್ದೆ, ಆಮೇಲೆ ಯಾವುದೂ ಇಲ್ಲ. ಲೋಟ ಎತ್ತಿದೆ. ಬೆಲ್ಲದ ಪಾನಕವನ್ನು ತೆಳ್ಳಗೆ ಮಾಡಿದರೆ ಬರುವ ಬಣ್ಣ. ಮೇಲೆ ಬಿಳಿ ನೊರೆ. ಮೂಗಿನ ಹತ್ತಿರ ಬಂದಾಗ ಮೊದಲು ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ, ಅದರ ಹಿಂದೆಯೇ ಬುಟ್ಟಿಯಿಂದ ಈಗ ತೆಗೆದ ದವನದ ಹಾಗೆ. ಗುಟುಕರಿಸಿದೆ. ನಾಲಗೆ ಚುರುಗುಟ್ಟಿತು. ಹುರಿದ ಕಾಳು ಅಗಿದು ನುಂಗುವಾಗ ಬರುತ್ತದಲ್ಲ, ಆ ಸಿಹಿ. ಅದು ಹೋಗುತ್ತಿದ್ದ ಹಾಗೆ ಗಂಟಲ ಹತ್ತಿರ ಕಹಿ ಬಂತು. ಹಾಗಲಕಾಯಿಯ ಹಾಗೆ ಕಚ್ಚುವ ಕಹಿ ಅಲ್ಲ. ಕಿತ್ತಳೆ ಬೀಜ ಹಲ್ಲಿಗೆ ಸಿಕ್ಕಿದ ಹಾಗೆ. ಬಂದದ್ದು ಹೋಗಲಿಲ್ಲ, ಅಲ್ಲೇ ಕೂತಿತು.

ಇಷ್ಟನ್ನೂ ಅವಳಿಗೆ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಕೈ ಹೇಗಿದೆ ಅಂದಳು. ಕೈ ಚೆನ್ನಾಗಿದೆ, ಎಲ್ಲೂ ಹೆಚ್ಚು ಕಡಿಮೆ ಇಲ್ಲ ಅಂದೆ. ಆಟೋದಲ್ಲಿ ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಇನ್ನೊಂದು ಸಲ ಹೇಳಿಸಿಕೊಂಡಳು.

ಅಮಾವಾಸ್ಯೆಗೆ ಎರಡು ದಿನ ಮೊದಲು ನಮ್ಮ ಬೀದಿಯಲ್ಲಿ ಕೇಬಲ್ ಸುಟ್ಟು ಬೆಳಗ್ಗೆಯೇ ಕರೆಂಟ್ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜು ಬೆಚ್ಚಗಾಗಿತ್ತು. ಸಿದ್ದಮ್ಮ ಬಾಟಲಿ ಮುಟ್ಟಿ ನೋಡಿದಳು. ಉಬ್ಬಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹೆದರಿ ಮುಚ್ಚಳ ತಿರುಗಿಸಿದಳು. ಬುಸ್ಸೆಂದು ನೊರೆ ಕೈಮೇಲೆ ಬಂತು. ಹಾಸ್ಟೆಲಿನಲ್ಲಿ ಅಷ್ಟು ವರ್ಷ ಸಾಂಬಾರ್ ಕೆಡದ ಹಾಗೆ ಕಾದವಳಿಗೆ ಗುಳ್ಳೆ ಎದ್ದರೆ ಒಂದೇ ಅರ್ಥ: ಕೆಡಲು ಶುರುವಾಗಿದೆ, ಈಗಲೇ ಕುದಿಸಿದರೆ ಉಳಿಯುತ್ತದೆ. ನನ್ನನ್ನು ಕೂಗಲೂ ಇಲ್ಲ. ಒಲೆ ಹಚ್ಚಿ, ಪಾತ್ರೆಗೆ ಸುರಿದು, ಚೆನ್ನಾಗಿ ಕುದಿ ಬರುವವರೆಗೆ ಸೌಟು ಆಡಿಸುತ್ತ ನಿಂತಳು.

ನಾನು ಗೋಡೆಯ ಈಚೆ ಅಕ್ಕಿ ಆರಿಸುತ್ತಿದ್ದೆ. ವಾಸನೆ ಬಂತು. ಕಿತ್ತಳೆ ಸಿಪ್ಪೆ, ದವನ, ಹುರಿದ ಕಾಳು. ಸುಮನ್ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಾಗ ಬಟ್ಟೆಯಿಂದ ಬರುತ್ತಿದ್ದದ್ದೇ, ಆದರೆ ಹತ್ತರಷ್ಟು. ಮೊರದ ಅಕ್ಕಿ ಚೆಲ್ಲಿ ಎದ್ದು ಹೋದೆ. ನಲ್ಲಿಯ ಹತ್ತಿರ ಇದ್ದ ಹೆಂಗಸರೂ ತಲೆ ಎತ್ತಿ ಇತ್ತ ನೋಡುತ್ತಿದ್ದರು.

ಕಾಳಪ್ಪನವರು ಮುಂದಿನ ಕೋಣೆಯ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ಮಧ್ಯಾಹ್ನದ ನಿದ್ದೆ. ನಾನು ಹೊಸಿಲ ಮೇಲೆ ಕಾಲಿಡುವಾಗ ಅವರು ಕಣ್ಣು ತೆರೆಯದೆ ಅಂದರು:

"ಮೊದ್ಲು ಸ್ನಾನ ಮಾಡ್ಕೊಂಡು ಬಾ."

ಒಲೆಯ ಮುಂದೆ ಸೌಟು ನಿಂತಿತು. ಕಾಳಪ್ಪನವರು ಎದ್ದು ಕೂತರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ನನ್ನ ಹಿಂದೆ ಯಾರಾದರೂ ಇದ್ದಾರೇನೋ ಅಂತ ನೋಡಿದರು. ಆಮೇಲೆ ಎರಡೂ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡರು. ಪಾತ್ರೆ ಕುದಿಯುತ್ತಲೇ ಇತ್ತು. ಒಲೆ ಆರಿಸಬೇಕು ಅಂತ ನಮ್ಮ ಮೂವರಲ್ಲಿ ಯಾರಿಗೂ ತೋಚಲಿಲ್ಲ.

ಆ ಘಮ ಸ್ವಲ್ಪ ಹೊತ್ತು ಇತ್ತು. ಕಿಟಕಿಯಿಂದ, ಹೆಂಚಿನ ಸಂದಿಯಿಂದ ಹೋಯಿತು. ಆರಿದ ಮೇಲೆ ಸಿದ್ದಮ್ಮ ಪಾತ್ರೆಗೆ ಮುಖ ಇಟ್ಟು ಮೂಸಿದಳು. ನನ್ನನ್ನೂ ಮೂಸು ಅಂದಳು. ಬರೀ ಕಷಾಯದ ವಾಸನೆ. ನೊರೆ ಇರಲಿಲ್ಲ, ಗುಳ್ಳೆ ಇರಲಿಲ್ಲ, ಬಣ್ಣ ಕಪ್ಪಾಗಿತ್ತು. ಅವತ್ತು ಹೇಳಿದೆಯಲ್ಲ, ಕಿತ್ತಳೆ, ಅದು ಇದೆಯಾ ಅಂದಳು. ನಾನು ಇಲ್ಲ ಅಂದೆ. ಇನ್ನೊಂದು ಸಲ ನೋಡು ಅಂದಳು. ಇನ್ನೊಂದು ಸಲ ನೋಡಿ ಇಲ್ಲ ಅಂದೆ.

ಮಾರನೇ ದಿನ ಅವಳು ನನಗೆ ಕಾಯದೆ ಆಟೋ ಹಿಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿ ಹತ್ತಿಕೊಂಡೆ. ಪೂಜಿತಾ ವಿಷಯ ಕೇಳಿ ಗೋಡೆಗೆ ಒರಗಿದಳು. ಕ್ಯಾನು ತೊಳೆದಾಗಿತ್ತು. ಅದರಲ್ಲಿ ಬೇರೆ ಬಿಯರು ತುಂಬಿಯಾಗಿತ್ತು.

"ತೊಳೆದ ನೀರಾದ್ರೂ ಇದೆಯೇನಮ್ಮ?" ಅಂತ ಸಿದ್ದಮ್ಮ ಕೇಳಿದಳು.

ಇಲ್ಲ ಅಮ್ಮ ಅಂದಳು ಹುಡುಗಿ. ಅದೇ ಕಾಳು, ಅದೇ ಹೂವು ಇದೆ, ನಾನು ಅವನ ಹಾಗೇ ಮಾಡಿಕೊಡುತ್ತೇನೆ ಅಂದಳು. ಸಿದ್ದಮ್ಮ ತಲೆ ಅಲ್ಲಾಡಿಸಿದಳು. ಅದು ನಿನ್ನ ಕೈ ಆಗುತ್ತದಮ್ಮ ಅಂದಳು. ಕುದಿಸಿದ್ದರಲ್ಲಿ ಏನಾದರೂ ಉಳಿದಿದೆಯಾ ಅಂತ ನಾನು ಕೇಳಿದೆ. ಆ ಹೂವಿನ ಘಮ ಕುದಿಯಲ್ಲಿ ನಿಲ್ಲುವುದಿಲ್ಲ, ಅಮಲೂ ಬಹಳಷ್ಟು ಹೋಗಿರುತ್ತದೆ, ಕಹಿ ಮಾತ್ರ ಎಲ್ಲೂ ಹೋಗುವುದಿಲ್ಲ ಅಂತ ಪೂಜಿತಾ ಹೇಳಿದಳು. ಬಾಗಿಲವರೆಗೆ ಬಂದು ಅತ್ತಳು. ಸಿದ್ದಮ್ಮ ಅಳಲಿಲ್ಲ. ದಾರಿಯುದ್ದಕ್ಕೂ ಬೆಂಕಿ ಮುಟ್ಟಿದ್ದು ಕೆಡಲ್ಲ, ಬೆಂಕಿ ಮುಟ್ಟಿದ್ದು ಕೆಡಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

ಅಮಾವಾಸ್ಯೆಯ ದಿನ ಎಲೆ ಹಾಕಿದಳು. ಅನ್ನ, ಕೋಳಿ ಸಾರು, ವಡೆ, ಅವನಿಗೆ ಇಷ್ಟವಾದ ಕೋಡುಬಳೆ. ಬದಿಯಲ್ಲಿ ಸ್ಟೀಲ್ ಲೋಟ. ಬಾಗಿಲು ಮುಚ್ಚಿ ನಾವು ಕಟ್ಟೆಯ ಮೇಲೆ ಕೂತೆವು. ಕಾಳಪ್ಪನವರು ಈ ಸಲ ಎಲ್ಲಿಗೂ ಹೋಗಲಿಲ್ಲ. ನಲ್ಲಿಯ ಹತ್ತಿರ, ಮಗ ನೀರು ಹುಯ್ದುಕೊಳ್ಳುತ್ತಿದ್ದ ಕಲ್ಲಿನ ಮೇಲೆ ಕೂತಿದ್ದರು.

ಬಾಗಿಲು ತೆಗೆದು ಸಿದ್ದಮ್ಮ ಮೊದಲು ಲೋಟಕ್ಕೇ ಕೈ ಹಾಕಿದಳು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಳು. ನುಂಗಿ, ಲೋಟ ನನಗೆ ಕೊಟ್ಟಳು.

"ನೀನು ಕುಡಿದಿದ್ದು ಇದೇನಾ ಅಕ್ಕಾ?"

ಕುಡಿದೆ. ಚುರುಗುಟ್ಟಲಿಲ್ಲ. ಹುರಿದ ಕಾಳಿನ ಸಿಹಿ ಅಂಟು ಅಂಟಾಗಿತ್ತು. ಆಮೇಲೆ ಗಂಟಲ ಹತ್ತಿರ ಅದು ಬಂದು ಕೂತಿತು.

"ಅದಲ್ಲ," ಅಂದೆ. "ಕಹಿ ಮಾತ್ರ ಅದೇ."

"ಹಂಗಾದ್ರೆ ಉಳಿದಿದ್ದೆಲ್ಲ ನನ್ನ ಕೈ," ಅಂದಳು. "ಅವನು ಬಂದಿದ್ರೂ ಇದನ್ನೇ ಕುಡಿದು ಹೋಗಿರ್ತಾನೆ."

ಕಾಳಪ್ಪನವರು ಒಳಗೆ ಬಂದಿದ್ದರು. ಕೈ ನೀಡಿದರು. ಸಿದ್ದಮ್ಮ ಅವರ ಮುಖ ನೋಡಿ ಲೋಟ ಕೊಟ್ಟಳು. ಪೂರ್ತಿ ಕುಡಿದರು. ತಳಕ್ಕೆ ಸ್ವಲ್ಪ ನೀರು ಹಾಕಿ, ಅಲ್ಲಾಡಿಸಿ, ಅದನ್ನೂ ಕುಡಿದರು. ಹೇಗಿದೆ ಅಂತ ಅವಳು ಕೇಳಿದಳು.

"ಗೊತ್ತಾಗ್ಲಿಲ್ಲ ಕಣೆ," ಅಂದರು.

ಈಗ ಸಂಜೆ ಸಂಜೆ ಸಿದ್ದಮ್ಮ ಬಂದು ನನ್ನ ಮುಂದೆ ಕೂರುತ್ತಾಳೆ. ಹೇಳು ಅನ್ನುತ್ತಾಳೆ. ನಾನು ಹೇಳುತ್ತೇನೆ, ಬಣ್ಣದಿಂದ ಶುರು ಮಾಡಿ. ಗೋಡೆಯ ಆಚೆ ಕಾಳಪ್ಪನವರು ರೇಡಿಯೋ ಸಣ್ಣ ಮಾಡುತ್ತಾರೆ. ಅವನ ಕೈ ಹೇಗಿತ್ತು ಅನ್ನುವುದು ಈ ವಠಾರದಲ್ಲಿ ಇರುವುದು ನನ್ನ ನಾಲಗೆಯ ಮೇಲೆ ಮಾತ್ರ. ನನಗೋ ವಯಸ್ಸಾಗಿದೆ. ನಿನ್ನೆ ಕಿತ್ತಳೆ ಸಿಪ್ಪೆ ಅಂದೆ, ಮೂಗಿಗೆ ಏನೂ ಬರಲಿಲ್ಲ, ಬಾಯಿಪಾಠದ ಹಾಗೆ ಮಾತು ಮಾತ್ರ ಬಂತು. ಅವಳಿಗೆ ಹೇಳಲಿಲ್ಲ. ಬೆಳಗ್ಗೆ ಎದ್ದು, ಅಕ್ಷರ ಕೂಡಿಸಿಕೊಂಡು, ಉಳಿದಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.