ಭಂಡಾರ ಮುಟ್ಟಿ ಮುಚ್ಚಿದ ಬಯಲು

ಅರಕೇರಾದ ಹೊರವಲಯದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಂತಿಬೇಲಿಯ ಒಳಗೆ ಭಾಗ್ಯಜ್ಯೋತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಬಳ್ಳಾರಿ ಜಾಲಿಯ ಗಿಡವೊಂದನ್ನು ಎಳೆಯುತ್ತಿದ್ದಾರೆ. ಬೇರು ಹಟಮಾರಿ, ಇವರೂ ಏನು ಕಮ್ಮಿಯಲ್ಲ. ಮುಳ್ಳು ನೆಟ್ಟಾಗ ಒಮ್ಮೆ ಶಾಪ ಹಾಕಿ ಮತ್ತೆ ಬಗ್ಗುತ್ತಾರೆ. ದೇವದುರ್ಗದ ಬಸ್ಸು ಬರುವುದರೊಳಗೆ ಒಂದಿಷ್ಟು ಕಿತ್ತು, ಕೈ ತೊಳೆದು, ಕಾಲೇಜಿಗೆ ಹೋಗಿ ಸಸ್ಯಶಾಸ್ತ್ರದ ಪಾಠ ಮಾಡಬೇಕು. ಆ ಕೆಲಸಕ್ಕಾದರೂ ಅತಿಥಿ ಉಪನ್ಯಾಸಕಿ ಎಂಬ ಹೆಸರಿದೆ. ಈ ಕೆಲಸಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ.

ಕುರಿಗಾರರ ಮನೆಯ ಭಾಗ್ಯಜ್ಯೋತಿ ರಾಯಚೂರಿನಲ್ಲಿ ಓದುವಾಗ, ವಿದ್ಯಾರ್ಥಿವೇತನದ ಮೇಲೆ ಬೋರ್ನಿಯೊ ದ್ವೀಪಕ್ಕೆ ಮಳೆಕಾಡಿನ ಅಧ್ಯಯನಕ್ಕೆ ಹೋಗಿದ್ದರು. ವಿಮಾನವನ್ನು ತಲೆಯೆತ್ತಿ ನೋಡಿಯಷ್ಟೇ ಗೊತ್ತಿದ್ದ ಊರಿಗೆ ಅದೊಂದು ಹಬ್ಬ. ಅಲ್ಲಿ ಕಡಿದು ಬಯಲಾದ ನೆಲವೊಂದಕ್ಕೆ ಬೇಲಿ ಹಾಕಿ ಬಿಟ್ಟಿದ್ದರು. ಕಾಡು ತಾನಾಗಿ ಮರಳಿತ್ತು.

"ಅದನ್ನ ನೋಡಿ ಹುಚ್ಚು ಹಿಡೀತ್ರೀ. ನಮ್ಮ ಗೋಮಾಳಾನೂ ಹಂಗ ಬಿಟ್ರ ಕಾಡಾಗ್ತದ ಅಂದ್ಕೊಂಡೆ. ಅಲ್ಲಿ ದಿನಾ ಮಳಿ. ಇಲ್ಲಿ? ಅಷ್ಟೂ ತಲಿಗೆ ಹೊಳೀಲಿಲ್ಲ ನೋಡ್ರಿ."

ಅವರ ದೊಡ್ಡಪ್ಪ ಅಮೋಘಸಿದ್ದ ಊರಿನ ಹಿರಿಯರು. ತಮ್ಮನ ಮಗಳ ಮಾತಿಗೆ ಓಗೊಟ್ಟು, ಗೋಮಾಳಕ್ಕೆ ಬೇಲಿ ಹಾಕಲು ಊರನ್ನೇ ಒಪ್ಪಿಸಿದರು. ಬರೀ ಒಪ್ಪಿಗೆ ಸಾಲದೆಂದು ಗುಡಿಯಿಂದ ಭಂಡಾರ ತರಿಸಿದ್ದು ಭಾಗ್ಯಜ್ಯೋತಿಯೇ. ದೇವರ ಆ ಅರಿಶಿನಪುಡಿ ಮುಟ್ಟಿ ಆಡಿದ ಮಾತನ್ನು ಕುರಿಗಾರರು ಮುರಿಯುವುದಿಲ್ಲ. ಬೇಲಿಯೊಳಗೆ ಕುರಿ ಬಿಡುವುದಿಲ್ಲ ಎಂದು ಮನೆಗೊಬ್ಬರು ಮುಟ್ಟಿದರು.

ಕಾಡು ಏಳಲಿಲ್ಲ. ತಾನಾಗಿ ಏನೂ ಚಿಗುರದ್ದಕ್ಕೆ ನೆಟ್ಟ ಸಸಿಗಳೂ ಒಣಗಿದವು, ಮೇಯುವವರಿಲ್ಲದ ಹುಲ್ಲು ಬಲಿತು ಸತ್ತಿತು, ಜಾಲಿ ಹಬ್ಬಿತು. ಬೇಸಿಗೆಯಲ್ಲಿ ಮಾನ್ವಿಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದವರಿಗೆ, ಅಲ್ಲಿ ನಾಟಿ ಶುರುವಾದ ಮೇಲೆ ಮರಳಿ ಬರಲು ಇದ್ದದ್ದು ಈ ಬಯಲೊಂದೇ. ಅದು ಮುಚ್ಚಿದ ಮೇಲೆ ಒಂದೊಂದೇ ಮನೆ ಕುರಿ ಮಾರಿತು. ಭಾಗ್ಯಜ್ಯೋತಿಯ ತಾಯಿ ಕರೆಮ್ಮನ ಕುರಿದೊಡ್ಡಿಯಲ್ಲಿ ಈಗ ಸೌದೆ ಒಟ್ಟಿದ್ದಾರೆ.

"ಆಕಿನ್ನ ಬೈದು ಏನ್ ಮಾಡ್ಲೆಪ್ಪಾ," ಎನ್ನುತ್ತಾರೆ ಕರೆಮ್ಮ. "ಕುರಿ ಹೋದ ದಿನ ಆಕೀನೂ ಉಣಲಿಲ್ಲ, ನಾನೂ ಉಣಲಿಲ್ಲ."

ಹೋದ ಅಮಾವಾಸ್ಯೆಯಂದು ಭಾಗ್ಯಜ್ಯೋತಿ ಗುಡಿಯ ಮುಂದೆ ಕೈಮುಗಿದು ನಿಂತರು. "ತಪ್ಪು ನಂದು ದೊಡ್ಡಪ್ಪಾ. ಈ ನೆಲಕ್ಕ ಕುರಿ ಬೇಕು. ಬೇಲಿ ತಗೀರಿ, ಮಾತು ಮುರಿದ ಪಾಪ ನನ್ನ ತಲಿಮ್ಯಾಲ ಇರಲಿ."

ಅಮೋಘಸಿದ್ದ ಗುಡಿಯೊಳಗೆ ಹೋದರು. ಚಿಟಿಕೆ ಭಂಡಾರ ತಂದು ಆಕೆಯ ಹಣೆಗೆ ಹಚ್ಚಿ ಊರನ್ನು ಕೊಟ್ಟ ಮಾತಿನಿಂದ ಬಿಡಿಸಿದರು. "ಬೇಲಿ ತಗದ್ರ ಆತವ್ವಾ," ಎಂದರು. "ಒಳಗ ಬರಾಕ ಕುರಿ ಯಾರ ಮನ್ಯಾಗ ಅದಾವ?"

ಅಂದಿನಿಂದ ಭಾಗ್ಯಜ್ಯೋತಿ ದಿನಾ ನಸುಕಿಗೆ ಇಲ್ಲಿಗೆ ಬಂದು ಜಾಲಿ ಕೀಳುತ್ತಾರೆ. ಬಸ್ಸಿನ ಹಾರ್ನ್ ಕೇಳಿಸುತ್ತದೆ. ಕೈಯ ಮಣ್ಣು ಒರೆಸಿಕೊಳ್ಳುತ್ತಾ ಹೇಳುತ್ತಾರೆ:

"ಯಾವತ್ತರ ಯಾರರ ಒಬ್ರು ಎರಡು ಮರಿ ಹೊಡಕೊಂಡು ಬಂದ್ರ, ಹುಲ್ಲಿಲ್ಲ ಅಂತ ತಿರುಗಿ ಹೋಗಬಾರದ್ರೀ. ಅಷ್ಟ."